ಕುರ್ಚಿ ಬಿಟ್ಟುಕೊಡುವ ವಿಷಯ



ಈ ವೇದಿಕೆಗೆ ನಾನು ಬರುತ್ತಿರುವುದು ಇದು ಮೊದಲನೆಯ ಸಲವಲ್ಲ. ಈ ದತ್ತಿ ಉಪನ್ಯಾಸಮಾಲೆಯ ಆಶ್ರಯದಲ್ಲಿ ಹಳಗನ್ನಡ ಛಂದಸ್ಸನ್ನು ಕುರಿತು, ವಿಜಯನಗರದ ನಾಣ್ಯಗಳನ್ನು ಕುರಿತು, ಅದ್ವೈತದಲ್ಲಿ ಅವಿದ್ಯೆಯ ಸ್ವರೂಪವನ್ನು ಕುರಿತು ವಿದ್ವಾಂಸರು ಮಾಡಿದ ಉಪನ್ಯಾಸಗಳಲ್ಲಿ ಬಹುಪಾಲನ್ನು ನಾನು ಕೇಳಿದ್ದುಂಟು. ಆದರೆ ಕೇಳಿದ್ದು ಸಭಿಕನಾಗಿ ಅಲ್ಲ, ಇದೇ ಮೇಜಿನ ಅಡಿಯಲ್ಲಿ, ಹಾಸುಬಟ್ಟೆಯ ಮರೆಯಲ್ಲಿ, ಬಾಯಲ್ಲೊಂದು ಟಾರ್ಚು ಕಚ್ಚಿಕೊಂಡು, ಎಲ್ಲಿ ಸಡಿಲವಾಗಿದೆಯೋ ತಿಳಿಯದ ತಂತಿಯೊಂದನ್ನು ಹುಡುಕುತ್ತ ಮಂಡಿಯೂರಿದ ಭಂಗಿಯಲ್ಲಿ. ಅವಿದ್ಯೆಯ ಮೇಲಿನ ಉಪನ್ಯಾಸವಂತೂ ಮುಕ್ಕಾಲು ಪಾಲು ಹಾಗೆಯೇ ಕಳೆಯಿತು. ಮೇಜಿನ ಮೇಲ್ಭಾಗದಿಂದ ಈ ಸಭಾಂಗಣ ಹೇಗೆ ಕಾಣುತ್ತದೆಂಬುದು ನನಗೆ ಗೊತ್ತಾಗುತ್ತಿರುವುದು ಇಂದೇ. ಅದಕ್ಕಾಗಿ ನಾನು ದತ್ತಿಸಮಿತಿಯವರಿಗೆ ಕೃತಜ್ಞನಾಗಿದ್ದೇನೆ.

ನಾನು ವಿದ್ವಾಂಸನಲ್ಲ. ಎಲೆಕ್ಟ್ರಾನಿಕ್ಸಿನಲ್ಲಿ ಡಿಪ್ಲೊಮಾ ಮುಗಿಸಿ 1989ರಲ್ಲಿ ಕೆಲಸಕ್ಕೆ ಸೇರಿದೆ. ಈ ತಿಂಗಳ ಕಡೆಯ ದಿನ ನಿವೃತ್ತನಾಗುತ್ತೇನೆ. ನಡುವಣ ಕಾಲದಲ್ಲಿ ನಾನು ಮಾಡಿದ ಉದ್ಯೋಗಕ್ಕೆ ಕಾಗದಪತ್ರಗಳಲ್ಲಿ ಆರೇಳು ಬಗೆಯ ಹೆಸರುಗಳು ಬಂದುಹೋದವು. ಜನರ ಬಾಯಲ್ಲಿ ಮಾತ್ರ ನಾನು ಮೊದಲಿನಿಂದಲೂ ‘ಆ ಕಂಪ್ಯೂಟರಿನವನು’. ಯಂತ್ರ ಕೆಟ್ಟಾಗ ಕರೆ ಬರುತ್ತದೆ, ಹೋಗುತ್ತೇನೆ. ಸರಿಯಾದರೆ ಹಿಂದಿರುಗುತ್ತೇನೆ, ಸರಿಯಾಗದಿದ್ದರೆ ಬೈಸಿಕೊಂಡು ಹಿಂದಿರುಗುತ್ತೇನೆ. ಈ ಅನುಭವದಿಂದ ಬಂದ ನಾಲ್ಕು ಮಾತುಗಳನ್ನು, ತಾಂತ್ರಿಕ ನೆರವಿನವರೊಡನೆ ಮರ್ಯಾದೆಯಿಂದ ವರ್ತಿಸುವ ಬಗೆಯೇನೆಂಬುದನ್ನು, ತಮ್ಮ ಮುಂದಿಡಬೇಕೆಂದು ಅಪ್ಪಣೆಯಾಗಿದೆ. ಹೇಳುವ ಪ್ರಸಂಗಗಳೆಲ್ಲ ನಾನು ಕಂಡವೇ. ಅವು ನಡೆದ ಸ್ಥಳಗಳನ್ನಾಗಲಿ ಅವುಗಳಲ್ಲಿ ಬರುವವರ ಹೆಸರುಗಳನ್ನಾಗಲಿ ಹೇಳಲಾರೆ. ತಮ್ಮನ್ನು ತಾವೇ ಗುರುತಿಸಿಕೊಂಡು ಒಳಗೊಳಗೇ ನಗುವವರಿಗೆ ನನ್ನ ಅಡ್ಡಿಯಿಲ್ಲ.

ಮೊದಲು ಕುರ್ಚಿಯ ವಿಷಯ. ಕಚೇರಿಯಲ್ಲಿ ಕುರ್ಚಿಯೆಂಬುದು ಕೇವಲ ಕುಳಿತುಕೊಳ್ಳುವ ಸಾಧನವಲ್ಲ. ತೋಳಿಲ್ಲದ್ದು, ತೋಳುಳ್ಳದ್ದು, ಚಕ್ರವುಳ್ಳದ್ದು, ಬೆನ್ನು ಎತ್ತರವಾದದ್ದು, ಆ ಬೆನ್ನಿಗೆ ಬಿಳಿಯ ಟರ್ಕಿ ಟವಲು ಹೊದಿಸಿದ್ದು, ಹೀಗೆ ಅದಕ್ಕೆ ತರತಮಗಳಿವೆ. ಮನುಷ್ಯನ ಸೇವಾವಧಿಯ ಚರಿತ್ರೆಯನ್ನು ಅವನು ಕುಳಿತ ಕುರ್ಚಿಗಳ ಮೂಲಕವೇ ಬರೆಯಬಹುದು. ಕಂಪ್ಯೂಟರೆಂಬ ಯಂತ್ರ ನಮ್ಮ ಕಚೇರಿಗಳಿಗೆ ಬಂದಾಗ ಈ ವ್ಯವಸ್ಥೆಗೆ ಅದು ತಿಳಿಯದೆಯೇ ಒಂದು ತೊಡಕನ್ನು ತಂದೊಡ್ಡಿತು. ಹಿಂದೆ ಫ್ಯಾನು ಕೆಟ್ಟರೆ ಎಲೆಕ್ಟ್ರಿಷಿಯನ್ನನು ಏಣಿ ತಂದು ಹತ್ತುತ್ತಿದ್ದ, ಕಪಾಟಿನ ಬೀಗ ಕೆಟ್ಟರೆ ಬಡಗಿ ಮೂಲೆಯಲ್ಲಿ ಕುಕ್ಕುರುಗಾಲಿನಲ್ಲಿ ಕೂರುತ್ತಿದ್ದ; ಸಾಹೇಬರು ತಮ್ಮ ಸ್ಥಾನದಿಂದ ಕದಲಬೇಕಾದ ಪ್ರಮೇಯವೇ ಇರಲಿಲ್ಲ. ಆದರೆ ಕಂಪ್ಯೂಟರನ್ನು ಸರಿಪಡಿಸಬೇಕಾದರೆ ಅದರ ಎದುರಿಗೆ ಕುಳಿತುಕೊಳ್ಳಬೇಕು, ಅದರ ಎದುರಿಗಿರುವುದು ಸಾಹೇಬರ ಕುರ್ಚಿ. ಆ ಕುರ್ಚಿಯಲ್ಲಿ ನನ್ನಂಥವನು ಕುಳಿತುಕೊಳ್ಳುವುದೆಂದರೇನು!

ಆದಕಾರಣ ಮೂವತ್ತೈದು ವರ್ಷಗಳ ಪೈಕಿ ಬಹುಕಾಲ ನಾನು ಕೆಲಸ ಮಾಡಿದ್ದು ನಿಂತುಕೊಂಡು. ನಿಂತುಕೊಂಡು ಎನ್ನುವುದೂ ಸರಿಯಲ್ಲ. ಕೀಲಿಮಣೆ ಮೇಜಿನ ಅಡಿಯ ಹಲಗೆಯಲ್ಲಿರುತ್ತದೆ, ತೆರೆ ಅವರ ಕಡೆಗೆ ತಿರುಗಿರುತ್ತದೆ, ಮೌಸಿನ ತಂತಿ ಫೈಲುಗಳ ರಾಶಿಯಡಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಅವರ ಭುಜಕ್ಕೆ ತಾಗದಂತೆ ಕೈ ಚಾಚಿ, ಅವರ ಮುಖಕ್ಕೆ ಉಸಿರು ಬಡಿಯದಂತೆ ಕತ್ತು ಹೊರಳಿಸಿ, ಸೊಂಟವನ್ನು ಇನ್ನೊಂದು ದಿಕ್ಕಿಗೆ ಬಾಗಿಸಿ ಅರ್ಧ ಗಂಟೆ ಇರಬೇಕು. ತ್ರಿಭಂಗಿ ಬೇಲೂರು ಹಳೇಬೀಡುಗಳ ವೇಣುಗೋಪಾಲನಿಗೆ ಬಹಳ ಚೆನ್ನಾಗಿ ಒಪ್ಪುತ್ತದೆ. ಐವತ್ತು ದಾಟಿದವನ ಬೆನ್ನುಮೂಳೆಗೆ ಅಷ್ಟಾಗಿ ಒಪ್ಪುವುದಿಲ್ಲ. ಈ ಮಧ್ಯೆ ಸಾಹೇಬರು ಫೋನಿನಲ್ಲಿ ಮಾತನಾಡುತ್ತಿರುತ್ತಾರೆ, ಬಂದವರಿಗೆ ಸಹಿ ಹಾಕಿಕೊಡುತ್ತಿರುತ್ತಾರೆ, ನಿಮಿಷಕ್ಕೊಂದು ಸಲ “ಆಯ್ತೇನ್ರೀ?” ಎನ್ನುತ್ತಿರುತ್ತಾರೆ. ಇದರಲ್ಲಿ ದುಷ್ಟತನ ಲೇಶವೂ ಇಲ್ಲವೆಂಬುದನ್ನು ನಾನು ಒಪ್ಪುತ್ತೇನೆ. ನನಗೆ ಕಾಫಿ ತರಿಸಿಕೊಟ್ಟವರೂ ಇವರಲ್ಲಿದ್ದರು. ಬಾಗಿದ ಭಂಗಿಯಲ್ಲಿಯೇ ನಾನದನ್ನು ಕುಡಿದೆ.

ಪರೀಕ್ಷಾ ವಿಭಾಗದಲ್ಲಿ ಮೇಲ್ವಿಚಾರಕಿಯಾಗಿದ್ದ ತಾಯಿಯೊಬ್ಬರು ಮಾತ್ರ ಬೇರೆ ತೆರನಾಗಿದ್ದರು. ಫಲಿತಾಂಶ ಪ್ರಕಟವಾಗಬೇಕಾದ ದಿವಸ, ಹೊರಗೆ ವಿದ್ಯಾರ್ಥಿಗಳ ಗದ್ದಲ, ಒಳಗೆ ಯಂತ್ರ ಮೌನ. ನಾನು ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೆ ಅವರು ಎದ್ದರು; ಮೇಜಿನ ಮೇಲಿನ ಫೈಲುಗಳನ್ನು ಪಕ್ಕಕ್ಕೆ ಸರಿಸಿ, “ಬನ್ನಿ, ಕೂತುಕೊಂಡು ನೋಡಿ” ಎಂದರು; ತಾವು ಗೋಡೆಯ ಬಳಿಯ ಸ್ಟೂಲಿನ ಮೇಲೆ ಕುಳಿತರು. ಯಂತ್ರ ನಿಲ್ಲುವ ಮುನ್ನ ತೆರೆಯ ಮೇಲೆ ಏನು ಕಾಣಿಸಿತೋ ಅದನ್ನು ಅಕ್ಷರ ಬಿಡದೆ ಚೀಟಿಯೊಂದರಲ್ಲಿ ಬರೆದಿಟ್ಟಿದ್ದರು. ಇಪ್ಪತ್ತು ನಿಮಿಷ ಒಂದು ಮಾತೂ ಆಡಲಿಲ್ಲ. ಮರ್ಯಾದೆ ಎಂಬ ಶಬ್ದಕ್ಕೆ ಎಲ್ಲೆ, ಮೇರೆ ಎಂಬ ಅರ್ಥವೂ ಉಂಟಷ್ಟೆ. ಆ ಇಪ್ಪತ್ತು ನಿಮಿಷ ಅವರು ತಮ್ಮ ಅಧಿಕಾರದ ಮೇರೆಯನ್ನು ತಾವಾಗಿಯೇ ಎರಡು ಗಜ ಹಿಂದಕ್ಕೆ ಸರಿಸಿ, ಅಷ್ಟು ಜಾಗವನ್ನು ನನ್ನ ವಿದ್ಯೆಗೆ ಬಿಟ್ಟುಕೊಟ್ಟರು. ನಾನು ಇಂದು ಹೇಳಬೇಕಾದದ್ದು ಇಷ್ಟೇ ಎಂದರೂ ಸಲ್ಲುತ್ತದೆ. ಆದರೆ ಉಪನ್ಯಾಸಕ್ಕೆ ಒಂದು ಗಂಟೆಯನ್ನು ನಿಗದಿಮಾಡಿದ್ದಾರೆ.

ಎರಡನೆಯದು ವ್ಯಾಕರಣದ ವಿಷಯ. ಕನ್ನಡ ಅಧ್ಯಾಪಕರು ಕ್ಷಮಿಸಬೇಕು. ನಮ್ಮ ಭಾಷೆಯಲ್ಲಿ ‘ಇಸು’ ಎಂಬ ಪುಟ್ಟ ಪ್ರತ್ಯಯವುಂಟು. ಕೆಡು ಎಂಬುದಕ್ಕೆ ಅದು ಸೇರಿದರೆ ಕೆಡಿಸು, ಅಳಿ ಎಂಬುದಕ್ಕೆ ಸೇರಿದರೆ ಅಳಿಸು, ಬೀಳು ಎಂಬುದಕ್ಕೆ ಸೇರಿದರೆ ಬೀಳಿಸು. ಅಂದರೆ ಆದ ಕಾರ್ಯದ ಹಿಂದೆ ಮಾಡಿದವನೊಬ್ಬನಿದ್ದಾನೆಂದು ತೋರಿಸುವ ಪ್ರತ್ಯಯ. ಕಂಪ್ಯೂಟರು ಕೆಟ್ಟ ಕ್ಷಣದಲ್ಲಿ ಎಷ್ಟೇ ದೊಡ್ಡ ಪಂಡಿತನ ಬಾಯಿಂದಲೂ ಮಾಯವಾಗುವುದು ಇದೇ. “ಫೈಲು ಅಳಿದುಹೋಯಿತು, ಪಾಸ್‌ವರ್ಡು ಬದಲಾಗಿಬಿಟ್ಟಿದೆ, ಪ್ರಿಂಟರು ಬಿದ್ದುಹೋಗಿದೆ, ಸ್ಕ್ರೀನು ತಲೆಕೆಳಗಾಗಿ ನಿಂತಿದೆ.” ಯಾರು ಅಳಿಸಿದರು, ಯಾರು ಬದಲಾಯಿಸಿದರು, ಯಾರು ಬೀಳಿಸಿದರು? ಉತ್ತರವಿಲ್ಲ. “ನಾನೇನೂ ಮುಟ್ಟಿಲ್ಲ, ಅದೇ ಹಾಗಾಯಿತು.” ಜಡವಸ್ತುವಿಗೆ ಇಷ್ಟೊಂದು ಕರ್ತೃತ್ವವನ್ನು ನಮ್ಮ ಷಡ್ದರ್ಶನಗಳಲ್ಲಿ ಸಾಂಖ್ಯ ಯೋಗಗಳನ್ನು ಬಿಟ್ಟರೆ ಬೇರೆ ಯಾವುದೂ ಕೊಟ್ಟಂತಿಲ್ಲ. ನನ್ನ ವೃತ್ತಿಯೇನೆಂದು ಮೊಮ್ಮಕ್ಕಳು ಕೇಳಿದರೆ, ಕಳೆದುಹೋದ ‘ಇಸು’ವನ್ನು ಹುಡುಕುವುದೆಂದು ಹೇಳಬೇಕೆಂದಿದ್ದೇನೆ.

ಒಮ್ಮೆ ಅಧಿಕಾರಿಯೊಬ್ಬರ ಲ್ಯಾಪ್‌ಟಾಪು ನನ್ನ ಬಳಿಗೆ ಬಂತು. ತಾನಾಗಿ ನಿಂತುಹೋಯಿತೆಂಬುದು ದೂರು. ಬ್ಯಾಟರಿಯನ್ನು ಶಂಕಿಸಿದೆ, ಚಾರ್ಜರನ್ನು ಶಂಕಿಸಿದೆ, ಅವರ ಕೊಠಡಿಯ ವಿದ್ಯುತ್ ಸಂಪರ್ಕವನ್ನು ಕೂಡ ಬಿಚ್ಚಿ ನೋಡಿದ್ದಾಯಿತು. ಎರಡು ದಿವಸ ಹೀಗೆ ಹೋದವು. ಮೂರನೆಯ ದಿನ ಅದರ ತಳವನ್ನು ಬಿಚ್ಚಿದಾಗ ಒಳಗಿನಿಂದ ಘಮ್ಮೆಂದು ಚಿಕ್ಕಮಗಳೂರು ಎದ್ದು ಬಂತು. ಚಿಕೋರಿ ಕಡಮೆ, ಹಾಲು ಗಟ್ಟಿ, ಸಕ್ಕರೆ ಧಾರಾಳ. ಎರಡು ದಿನಗಳಲ್ಲಿ ಆ ಪಾಕವೆಲ್ಲ ಕೀಲಿಗಳ ಅಡಿಯಲ್ಲಿ ಅಂಟಾಗಿ ಕುಳಿತು ಹಸಿರು ಫಲಕದ ಮೇಲಿನ ಸಂಧಿಗಳನ್ನು ತಿಂದುಹಾಕಿತ್ತು. ಕಾಫಿ ಚೆಲ್ಲಿದ ಗಳಿಗೆಯಲ್ಲಿಯೇ ಯಂತ್ರವನ್ನು ಆರಿಸಿ, ಬೋರಲು ಹಾಕಿ, “ಚೆಲ್ಲಿಬಿಟ್ಟೆ ಕಣ್ರೀ” ಎಂದು ಒಂದು ಮಾತು ಹೇಳಿದ್ದರೆ ಅದು ಬದುಕುತ್ತಿತ್ತೋ ಏನೋ. ಅಧಿಕಾರಿಗಳು ನನ್ನನ್ನು ಗದರಿದರು, ಬೈದರು. ಅದನ್ನು ನಾನು ಅಂದೇ ಮರೆತೆ. ಆ ಎರಡು ದಿನ ಅವರು ನನ್ನ ಬುದ್ಧಿಯನ್ನು ಸುಳ್ಳಿನ ಬೆನ್ನು ಹತ್ತಿ ಓಡಾಡಿಸಿದರಲ್ಲ, ಅದು ಮಾತ್ರ ಇಂದಿಗೂ ಮರೆತಿಲ್ಲ.

ಇದಕ್ಕೆ ಪ್ರತಿಯಾಗಿ ಇನ್ನೊಂದು. ನಿವೃತ್ತ ಪ್ರಾಧ್ಯಾಪಕರೊಬ್ಬರು ತಮ್ಮ ಸೀಮೆಯ ಬೇಸಾಯದ ಮಾತುಗಳನ್ನು, ನೊಗ ಕುಂಟೆ ಕೂರಿಗೆಗಳ ಅಂಗಾಂಗಗಳಿಗೆ ರೈತರು ಹೇಳುವ ಹೆಸರುಗಳನ್ನು, ಅನೇಕ ವರ್ಷ ಊರೂರು ತಿರುಗಿ ಕೂಡಿಸಿದ್ದರು. ಕಣ್ಣು ಮಂದವಾಗಿದ್ದರೂ ‘ನುಡಿ’ ತಂತ್ರಾಂಶವನ್ನು ಕಲಿತು, ಎರಡು ಬೆರಳುಗಳಿಂದ ಒಂದೊಂದೇ ಅಕ್ಷರವನ್ನು ಒತ್ತಿ ತಾವೇ ಬೆರಳಚ್ಚು ಮಾಡಿದ್ದರು. ಒಂದು ಮಧ್ಯಾಹ್ನ ಆ ವಯೋವೃದ್ಧರು ಬಿಸಿಲಿನಲ್ಲಿ ನಡೆದುಕೊಂಡೇ ನನ್ನ ಕೋಣೆಗೆ ಬಂದು, ಕುಳಿತು, ಉಸಿರು ತೆಗೆದುಕೊಂಡು, “ನಾನೇ ಅಳಿಸಿದೆನಪ್ಪ. ಅದೇನೋ ಕೇಳಿತು, ಓದದೆಯೆ ಹೂಂ ಎಂದು ಒತ್ತಿಬಿಟ್ಟೆ. ಬುಟ್ಟಿಯನ್ನೂ ಬರಿದುಮಾಡಿದೆ. ಆಮೇಲೆ ಏನನ್ನೂ ಮುಟ್ಟಿಲ್ಲ, ಹಾಗೆಯೇ ಆರಿಸಿ ಬಂದೆ” ಎಂದರು. ಆ ಒಂದು ಮಾತಿನಲ್ಲಿ ‘ಇಸು’ ಎಷ್ಟು ಸಲ ಬಂತೆಂಬುದನ್ನು ಗಮನಿಸಬೇಕು. ಅಂದಿನ ಯಂತ್ರಗಳಲ್ಲಿ ಅಳಿಸಿದ ಕಡತ ಆ ಕ್ಷಣವೇ ಅಳಿಯುತ್ತಿರಲಿಲ್ಲ. ಅದು ಎಲ್ಲಿದೆಯೆಂಬ ಗುರುತನ್ನಷ್ಟೆ ಯಂತ್ರ ಮರೆಯುತ್ತಿತ್ತು, ಬರೆಹ ತಟ್ಟೆಯ ಮೇಲೆ ಹಾಗೆಯೇ ಇರುತ್ತಿತ್ತು. ಆ ಜಾಗದಲ್ಲಿ ಬೇರೇನನ್ನಾದರೂ ಬರೆದಾಗ ಮಾತ್ರ ಅದಕ್ಕೆ ನಿಜವಾದ ಮರಣ. ಗಾಬರಿಬಿದ್ದು ಇನ್ನೊಂದು ಗಂಟೆ ಅವರು ಅಲ್ಲಿ ಇಲ್ಲಿ ತಡಕಾಡಿದ್ದರೆ ಎತ್ತಿನ ಕೊರಳಿನ ಪಟ್ಟಿಗೆ ಆ ಸೀಮೆಯಲ್ಲಿ ಏನೆನ್ನುತ್ತಾರೆಂಬುದು ಯಾರಿಗೂ ತಿಳಿಯದೆ ಹೋಗುತ್ತಿತ್ತು. ಸಂಜೆಯ ಹೊತ್ತಿಗೆ ಎಲ್ಲವೂ ಸಿಕ್ಕಿತು. ಅವರು ನನಗೆ ನಮಸ್ಕಾರ ಮಾಡಲು ಹೋದರು, ನಾನು ತಡೆದೆ.

ವಿದ್ಯಾವಂತರಾದವರು ಯಂತ್ರದ ಮುಂದೆ ಸುಳ್ಳಾಡುವುದು ಏತಕ್ಕೆ? ಇದನ್ನು ಕುರಿತು ನಾನು ಬಹಳ ಯೋಚಿಸಿದ್ದೇನೆ. ಅದು ಕುಟಿಲತೆಯಲ್ಲ, ನಾಚಿಕೆ. ನಮ್ಮಲ್ಲಿ ತಿಳಿವಳಿಕೆಯೆಂಬುದು ಅಂತಸ್ತಿನೊಡನೆ ಹೆಣೆದುಕೊಂಡಿದೆ; ಮೇಲಿನವನಿಗೆ ಗೊತ್ತಿರುತ್ತದೆ, ಕೆಳಗಿನವನು ಕೇಳಿ ತಿಳಿಯುತ್ತಾನೆ. ಯಾವ ಹಸ್ತಪ್ರತಿಗೆ ಎಷ್ಟು ಪಾಠಾಂತರಗಳಿವೆಯೆಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲವರು, ಡಿಪ್ಲೊಮಾದ ಹುಡುಗನೊಬ್ಬನ ಎದುರಿಗೆ, ಸಹೋದ್ಯೋಗಿಗಳು ನೋಡುತ್ತಿರುವಾಗ, “ಇದು ನನಗೆ ತಿಳಿಯದು” ಎನ್ನಬೇಕಾಗಿ ಬಂದರೆ ಆ ಗಳಿಗೆ ಕಹಿಯಾದದ್ದು. ನಾಚಿಕೆಗೆ ಹೊರಬರಲು ದಾರಿ ಕಾಣದಿದ್ದರೆ ಅದು ಸಿಟ್ಟಿನ ಬಾಗಿಲಿನಿಂದ ಹೊರಬರುತ್ತದೆ. ನನ್ನ ಮೇಲೆ ಕೂಗಾಡಿದವರಲ್ಲಿ ಹೆಚ್ಚಿನವರು ನನ್ನ ಮೇಲೆ ಕೂಗಾಡುತ್ತಿರಲಿಲ್ಲವೆಂಬುದು ನನಗೆ ನಲವತ್ತನೆಯ ವಯಸ್ಸಿನ ಹೊತ್ತಿಗೆ ಅರಿವಾಯಿತು. ಅದಕ್ಕೆ ಮುಂಚೆ ಅರಿವಾಗಿದ್ದರೆ ರಕ್ತದೊತ್ತಡದ ಮಾತ್ರೆ ಇನ್ನಷ್ಟು ವರ್ಷ ತಡವಾಗಿ ಬರುತ್ತಿತ್ತು.

ನನ್ನ ಕಸುಬಿನ ಪೂರ್ವಜರು ಯಾರೆಂದು ಆಗಾಗ ಪುಸ್ತಕಗಳಲ್ಲಿ ಹುಡುಕಿದ್ದೇನೆ. 1876ನೆಯ ಇಸವಿ ಮಾರ್ಚಿ 10ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನು ಟೆಲಿಫೋನಿನಲ್ಲಿ ಆಡಿದ, ಅರ್ಥವಾಗುವಂತೆ ಕೇಳಿಸಿದ ಮೊಟ್ಟಮೊದಲ ವಾಕ್ಯ ಯಾವುದು? ತತ್ತ್ವವಲ್ಲ, ಪ್ರಾರ್ಥನೆಯಲ್ಲ, ಪಕ್ಕದ ಕೋಣೆಯಲ್ಲಿದ್ದ ತನ್ನ ಸಹಾಯಕ ಥಾಮಸ್ ವಾಟ್ಸನ್ನನನ್ನು ಇತ್ತ ಬಾರೆಂದು ಕರೆದ ಮಾತು. ಆಮ್ಲ ಮೈಮೇಲೆ ಚೆಲ್ಲಿದ್ದರಿಂದ ಕರೆದನೆಂಬ ಕಥೆಯೂ ಉಂಟು. ಕಥೆ ಹೇಗಾದರಿರಲಿ, ಟೆಲಿಫೋನು ಹುಟ್ಟಿದ ಕ್ಷಣದಲ್ಲಿಯೇ ತಾಂತ್ರಿಕ ನೆರವಿನವನಿಗೆ ಒಂದು ಕರೆ ಹೋಯಿತು. ಬೆಲ್ಲನ ಚಿತ್ರ ಪಠ್ಯಪುಸ್ತಕಗಳಲ್ಲಿದೆ. ಆ ಯಂತ್ರವನ್ನು ಕೈಯಾರೆ ಕಟ್ಟಿದ ವಾಟ್ಸನ್ನನು ಬೆಲ್ಲನ ವಾಕ್ಯದಲ್ಲಿ ಸಂಬೋಧನೆಯಾಗಿ ಮಾತ್ರ ಉಳಿದುಕೊಂಡಿದ್ದಾನೆ. ಆದಾಗ್ಯೂ ಬೆಲ್ಲನು ಅವನನ್ನು ಗೌರವವಾಚಕ ಸೇರಿಸಿ, ಹೆಸರು ಹಿಡಿದು ಕರೆದನೆಂಬುದನ್ನು ನಾನು ಅವನ ಲೆಕ್ಕಕ್ಕೆ ಜಮಾ ಮಾಡುತ್ತೇನೆ. ‘ಆ ಟೆಲಿಫೋನಿನವನು’ ಎನ್ನಲಿಲ್ಲ.

ಎರಡು ವರ್ಷಗಳೊಳಗೆ ವಿನಿಮಯ ಕೇಂದ್ರಗಳು ಬಂದವು. ಮೊದಲು ಅಲ್ಲಿ ಕೆಲಸಕ್ಕಿದ್ದವರು ಹದಿಹರೆಯದ ಹುಡುಗರು. ಅವರು ಗಿರಾಕಿಗಳ ಮಾತಿಗೆ ಮಾತು ತಿರುಗಿಸುತ್ತಿದ್ದರಂತೆ, ಕೀಟಲೆ ಮಾಡುತ್ತಿದ್ದರಂತೆ. ಅವರ ಬದಲಿಗೆ ಹೆಂಗಸರನ್ನು ನೇಮಿಸುವ ಪದ್ಧತಿ ಬಂದು, 1878ರ ಸೆಪ್ಟೆಂಬರ್ 1ರಂದು ಎಮ್ಮಾ ನಟ್ ಎಂಬಾಕೆ ಬಾಸ್ಟನ್ನಿನಲ್ಲಿ ಮೊದಲ ಮಹಿಳಾ ಆಪರೇಟರಾದಳು. ಮೃದುಸ್ವರ, ತಾಳ್ಮೆ, ಎದುರು ಮಾತಾಡದಿರುವುದು ಉದ್ಯೋಗದ ಲಕ್ಷಣಗಳಾದವು. ತಂತಿಯ ಈ ತುದಿಯ ನಾಲಗೆಗೆ ಶಿಸ್ತು ಬಂತು. ಆ ತುದಿಯ ನಾಲಗೆಗೆ ಅದೇ ಪ್ರಮಾಣದಲ್ಲಿ ಬಂತೆಂದು ಹೇಳಲಾರೆ. ಮುಂದೆ ಕ್ಯಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯಾಪಾರ ಮಾಡುತ್ತಿದ್ದ ಆಲ್ಮನ್ ಸ್ಟ್ರೌಜರ್ ಎಂಬಾತನಿಗೆ, ತನಗೆ ಬರಬೇಕಾದ ಕರೆಗಳನ್ನು ಆಪರೇಟರು ತನ್ನ ಪ್ರತಿಸ್ಪರ್ಧಿಗೆ ತಿರುಗಿಸುತ್ತಿದ್ದಾಳೆಂಬ ಗುಮಾನಿ ಹುಟ್ಟಿತೆಂದೂ, ಆ ಗುಮಾನಿಯಿಂದಲೇ ಅವನು ಆಪರೇಟರ್ ಬೇಕಿಲ್ಲದ ಸ್ವಯಂಚಾಲಿತ ವಿನಿಮಯ ಯಂತ್ರವನ್ನು ಕಲ್ಪಿಸಿದನೆಂದೂ ಹೇಳುತ್ತಾರೆ. 1891ರಲ್ಲಿ ಅವನಿಗೆ ಅದರ ಪೇಟೆಂಟು ದೊರೆಯಿತು. ನಡುವಣ ಮನುಷ್ಯನ ಮೇಲಿನ ಅವಿಶ್ವಾಸದಿಂದ ಇಷ್ಟು ದೊಡ್ಡ ಯಂತ್ರವೊಂದು ಹುಟ್ಟಿತೆಂಬುದು ನನಗೆ ವಿಚಿತ್ರವಾಗಿ ಕಂಡಿದೆ. ಇಂದು ನಾವು ಬ್ಯಾಂಕಿಗೋ ವಿದ್ಯುತ್ ಕಂಪನಿಗೋ ಫೋನು ಮಾಡಿ, ಕನ್ನಡಕ್ಕಾಗಿ ಒಂದನ್ನು ಒತ್ತಿ, ಅದಕ್ಕಾಗಿ ಎರಡನ್ನು ಒತ್ತಿ, ಇದಕ್ಕಾಗಿ ಮೂರನ್ನು ಒತ್ತಿ, ಕಡೆಗೆ ‘ಯಾರಾದರೂ ಮನುಷ್ಯರು ಸಿಕ್ಕಿದರೆ ಸಾಕಪ್ಪ’ ಎಂದು ಕಾದು, ಸಿಕ್ಕಿದ ಆ ಮನುಷ್ಯನನ್ನು ಮೊದಲ ಮಾತಿಗೇ ಬೈಯುತ್ತೇವೆ. ಹದಿನೈದು ನಿಮಿಷ ಕಾಯಿಸಿದ್ದು ಅವನಲ್ಲ. ಕೈಗೆ ಸಿಕ್ಕಿದವನು ಮಾತ್ರ ಅವನು.

ನನ್ನ ತಂಗಿಯ ಮಗಳು ಪದವಿ ಮುಗಿಸಿದ ಹೊಸದರಲ್ಲಿ ಬೆಂಗಳೂರಿನ ಕಾಲ್ ಸೆಂಟರೊಂದರಲ್ಲಿ ಎರಡು ವರ್ಷ ರಾತ್ರಿಪಾಳಿ ಮಾಡಿದಳು. ಅಮೆರಿಕದ ಹಗಲು ನಮ್ಮ ಇರುಳು. ಅವಳಿಗೆ ಅವರ ಉಚ್ಚಾರಣೆಯನ್ನು ಕಲಿಸಿದರು, ಅವರ ಋತುಮಾನಗಳನ್ನು ಕಲಿಸಿದರು, ಜೊತೆಗೆ ಒಂದು ಹೊಸ ಹೆಸರನ್ನೂ ಕೊಟ್ಟರು. ನಮ್ಮಲ್ಲಿ ಮಗುವಿಗೆ ಹೆಸರಿಡುವುದೆಂದರೆ ತೊಟ್ಟಿಲು ಕಟ್ಟಿ, ಸೋದರತ್ತೆ ಕಿವಿಯಲ್ಲಿ ಮೂರು ಸಲ ಉಸುರಿ, ನೆಂಟರಿಷ್ಟರಿಗೆ ಊಟ ಹಾಕುವ ಶುಭಕಾರ್ಯ. ಇಲ್ಲಿ ಅದು ಒಂದು ಕಾಗದದ ಪಟ್ಟಿಯಿಂದ ಆಯ್ಕೆ. “ಬೈದರೆ ಬೇಜಾರಾಗಲ್ವೇನೆ?” ಎಂದು ಅವಳ ಅಜ್ಜಿ ಕೇಳಿದಾಗ, “ಇಲ್ಲಜ್ಜಿ, ಬೈಯೋದು ಆ ಇನ್ನೊಬ್ಬಳಿಗೆ” ಎಂದಳು. ಅಜ್ಜಿ ನಕ್ಕಳು. ನನಗೆ ಅಂದು ಊಟ ಸೇರಲಿಲ್ಲ.

ಈ ಸಂದರ್ಭದಲ್ಲಿ ‘ಸರ್ವರ್’ ಎಂಬ ಶಬ್ದದ ಬಗ್ಗೆ ಒಂದೆರಡು ಮಾತು. ನಮ್ಮ ಹೋಟೆಲುಗಳಲ್ಲಿ ಮಾಣಿ ಎಂದೂ ಸಪ್ಲೈಯರ್ ಎಂದೂ ಸರ್ವರ್ ಎಂದೂ ಕರೆಯಿಸಿಕೊಳ್ಳುವವನು ದೋಸೆ ತಂದಿಡುವ ಹುಡುಗ. ಈಚಿನ ಇಪ್ಪತ್ತೈದು ವರ್ಷಗಳಲ್ಲಿ ಅದೇ ಶಬ್ದ ಇನ್ನೊಂದು ಅರ್ಥದಲ್ಲಿ ಹಳ್ಳಿಹಳ್ಳಿಯನ್ನೂ ಮುಟ್ಟಿದೆ. 2001ರ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಶಾನುಭೋಗರ ಕಾಲದ ಪುಸ್ತಕಗಳಿಂದ ಎದ್ದು ಕಂಪ್ಯೂಟರನ್ನು ಹೊಕ್ಕವು. ಅಂದಿನಿಂದ ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ನಿಂತ ರೈತನಿಗೆ “ಸರ್ವರ್ ಡೌನ್ ಆಗಿದೆ” ಎಂಬ ವಾಕ್ಯ, ಮಳೆ ಬಂದಿಲ್ಲ ಎಂಬ ವಾಕ್ಯದಷ್ಟೇ ಪರಿಚಿತ. ಬೆಳಗಿನ ಬಸ್ಸಿಗೆ ಬಂದು, ಕೂಲಿ ಕಳೆದುಕೊಂಡು, ಸಾಲಿನಲ್ಲಿ ನಿಂತವನ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟನ್ನು ಉಣ್ಣುವವನು ಯಾರು? ಕಿಟಕಿಯ ಒಳಗಿನ ಹುಡುಗ. ಡೌನ್ ಆಗಿರುವ ಆ ಯಂತ್ರವನ್ನು ಅವನು ಕಣ್ಣಿನಿಂದಲೂ ಕಂಡವನಲ್ಲ. ಅದು ಇರುವುದು ಬೇರೆಲ್ಲೋ, ನೋಡಿಕೊಳ್ಳುವವರು ಇನ್ನಾರೋ. ಇಂಥ ಹುಡುಗರಲ್ಲಿ ಅನೇಕರು ಹೊರಗುತ್ತಿಗೆಯವರು. ಹೊರಗುತ್ತಿಗೆ! ಒಳಗೆ ದುಡಿಯುವವನಿಗೆ ಎಂಥ ಹೆಸರು! ಸಂಬಳ ಬರುವುದು ಮಧ್ಯವರ್ತಿಯ ಕೈಯಿಂದ, ಕೆಲವೊಮ್ಮೆ ತಿಂಗಳು ಕಳೆದ ಮೇಲೆ. ನಾನು ಖಾಲಿಮಾಡುವ ಸ್ಥಾನಕ್ಕೆ ಬರುವವನೂ ಹೊರಗುತ್ತಿಗೆಯವನೇ. ಅವನನ್ನು ತಾವು ಎಷ್ಟೇ ಸಿಹಿಯಾಗಿ ಮಾತನಾಡಿಸಿದರೂ, ಹೊತ್ತಿಗೆ ಸರಿಯಾಗಿ ಸಂಬಳ ಬಾರದಿದ್ದರೆ ಆ ಸಿಹಿ ಬರಿಯ ಎಲೆಯ ತುದಿಯ ಪಾಯಸ. ಇದನ್ನು ಆಡಳಿತದವರು ಇಲ್ಲಿ ಕುಳಿತಿರುವುದರಿಂದಲೇ ಹೇಳುತ್ತಿದ್ದೇನೆ.

ನಮ್ಮವರಿಗೆ ಯಂತ್ರದ ಮೇಲೆ ಭಕ್ತಿಯಿಲ್ಲವೆಂದಲ್ಲ. ಆಯುಧಪೂಜೆಯ ದಿನ ಕಂಪ್ಯೂಟರಿಗೆ ಅರಿಸಿನ ಕುಂಕುಮ, ಸೇವಂತಿಗೆ ಹಾರ, ಮುಂದೆ ಕುಂಕುಮ ಬಳಿದ ಬೂದುಗುಂಬಳ. ಮರುದಿನದಿಂದ ಒಂದು ವಾರ ಫ್ಯಾನುಗಳೊಳಗಿನ ಕುಂಕುಮವನ್ನು ಬ್ರಷ್ಷಿನಿಂದ ತೆಗೆಯುವುದು ನನ್ನ ಕೈಂಕರ್ಯ. ಪುರಿ ಕಡಲೆಯಲ್ಲಿ ನನಗೂ ಪಾಲು ಬರುತ್ತಿತ್ತು; ಅದನ್ನು ಮರೆಮಾಚಲಾರೆ. ಭಾಷಣಗಳಲ್ಲಿಯೂ ಕೊರತೆಯಿಲ್ಲ. ಕಾಯಕದ ಮಹಿಮೆಯನ್ನು ಗದ್ಗದಿತರಾಗಿ ವರ್ಣಿಸುತ್ತಿದ್ದ ಅತಿಥಿಯೊಬ್ಬರು ಮೈಕು ಕೀಚೆಂದಾಗ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ, ಮೈಕ್‌ಸೆಟ್ಟಿನ ಹುಡುಗನನ್ನು ಏಕವಚನದಲ್ಲಿ ಗದರಿ, ಮತ್ತೆ ಅದೇ ಗದ್ಗದದಿಂದ ಕಾಯಕದ ಕಡೆಗೆ ಹಿಂದಿರುಗಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಕೈಯನ್ನೂ ತೋರಿಸದಿದ್ದರೆ ಅನ್ಯಾಯವಾದೀತು. ನಮ್ಮ ವಿಭಾಗದವರು ಸಾಧುಗಳಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ನಮಗೆ ಉಪ್ಪಿನಕಾಯಿಯೆಂದರೆ ತಮ್ಮೆಲ್ಲರ ಅಜ್ಞಾನ. ಯಾರು ಏನನ್ನು ಕೇಳಿದರು, ಯಾರು ಪ್ಲಗ್ಗು ಹಾಕದೆಯೇ ದೂರು ಕೊಟ್ಟರು, ಎಲ್ಲವೂ ಅಲ್ಲಿ ಅಭಿನಯಸಹಿತವಾಗಿ ನಡೆಯುತ್ತಿತ್ತು; ಅಭಿನಯದಲ್ಲಿ ನಾನೇ ಮುಂದು. ನಾನು ಸೇರಿದ ಕೆಲವು ವರ್ಷಗಳ ಮೇಲೆ ಕಚೇರಿಯ ಬೆರಳಚ್ಚು ಯಂತ್ರಗಳನ್ನು ತೆಗೆದು ಕಂಪ್ಯೂಟರುಗಳನ್ನಿಟ್ಟರು. ಅಲ್ಲಿ ಹಿರಿಯ ಬೆರಳಚ್ಚುಗಾರ್ತಿಯೊಬ್ಬರಿದ್ದರು; ಅನಂತ ಸುಬ್ಬರಾಯರು ರೂಪಿಸಿದ ಕನ್ನಡ ಕೀಲಿಮಣೆಯ ಮೇಲೆ ಅವರ ಬೆರಳುಗಳು ಓಡುವುದನ್ನು ನೋಡಲು ನಿಲ್ಲುತ್ತಿದ್ದವರುಂಟು. ಹೊಸ ಯಂತ್ರ ಬಂದಾಗ ಕೀಲಿಗಳ ಸ್ಥಾನ ಬದಲಾಯಿತು, ಕೈಗೆ ಕಣ್ಣು ಹೋಯಿತು. ಪ್ರತಿ ಸಾಲಿನ ಕೊನೆಗೆ ಅವರು ಹಳೆಯ ಅಭ್ಯಾಸದಂತೆ ಸಾಲು ತಿರುಗಿಸುವ ಕೀಲಿಯನ್ನು ಒತ್ತುತ್ತಿದ್ದರು. ಬೆರಳಚ್ಚು ಯಂತ್ರದಲ್ಲಿ ಗಂಟೆ ಬಾರಿಸಿದೊಡನೆ ಗಾಡಿಯನ್ನು ಹಿಂದಕ್ಕೆ ತಳ್ಳಲೇಬೇಕು, ಇಲ್ಲಿ ಅದು ಬೇಕಿಲ್ಲ, ಒತ್ತಿದರೆ ಮುಂದೆ ತಿದ್ದುಪಡಿಯಾದಾಗ ಸಾಲುಗಳೆಲ್ಲ ಚಿಂದಿಚಿಂದಿ. ಮೂರನೆಯ ಸಲ ಸರಿಪಡಿಸಿಕೊಡುವಾಗ ನಾನು, ಹತ್ತು ಜನರ ಎದುರಿಗೆ, “ಏನಮ್ಮಾ, ಇನ್ನೂ ಗಂಟೆ ಬಾರಿಸೋದು ಕೇಳಿಸ್ತಿದೆಯಾ ನಿಮಗೆ?” ಎಂದೆ. ಎಲ್ಲರೂ ನಕ್ಕರು. ಅವರೂ ನಕ್ಕರು. ಆ ದಿನದಿಂದ ಅವರು ನನ್ನನ್ನು ಕರೆಯಲಿಲ್ಲ. ತಪ್ಪಾದ ಕಾಗದವನ್ನು ಸಂಜೆ ಎಲ್ಲರೂ ಹೋದ ಮೇಲೆ ಕುಳಿತು ಮೊದಲಿನಿಂದ ಮತ್ತೆ ಹೊಡೆಯುತ್ತಿದ್ದರೆಂದು ಜವಾನನಿಂದ ಆಮೇಲೆ ತಿಳಿಯಿತು. ಹೋಗಿ ಕ್ಷಮೆ ಕೇಳುವಷ್ಟು ದೊಡ್ಡವನು ಆಗ ನಾನಾಗಿರಲಿಲ್ಲ, ಆಗುವ ಹೊತ್ತಿಗೆ ಅವರು ನಿವೃತ್ತರಾಗಿ ಊರು ಬಿಟ್ಟಿದ್ದರು. ದೂರು ಕೊಡುವವರು ‘ಇಸು’ವನ್ನು ಏಕೆ ನುಂಗುತ್ತಾರೆಂದು ನಾನು ಆಗಲೇ ಕೇಳಿದೆನಷ್ಟೆ. ಅದನ್ನು ನುಂಗುವಂತೆ ಮಾಡುವುದರಲ್ಲಿ ನನ್ನಂಥವರ ಪಾಲೂ ಇದೆ. ನೋಡಿ, ಇಲ್ಲಿಯೂ ನಾನು ‘ಮಾಡುವುದರಲ್ಲಿ ಪಾಲಿದೆ’ ಎಂದು ಸುತ್ತಿ ಹೇಳುತ್ತಿದ್ದೇನೆ. ನುಂಗಿಸಿದವನು ನಾನು.

ನನ್ನ ಮೇಜಿನ ಮೇಲೆ ಒಂದು ದೂರು ಪುಸ್ತಕವಿದೆ. ದಿನಾಂಕ, ಕೊಠಡಿಯ ಸಂಖ್ಯೆ, ದೂರಿನ ವಿವರ, ಪರಿಹಾರವಾದ ವೇಳೆ, ದೂರುದಾರರ ಸಹಿ ಎಂದು ಅದರಲ್ಲಿ ಐದು ಅಂಕಣಗಳು. ಕಳೆದ ವಾರ ಅದನ್ನು ಮುಂದೆ ಬರಲಿರುವ ಹುಡುಗನ ಕೈಗೆ ಒಪ್ಪಿಸಿದೆ. ಬುದ್ಧಿವಂತ, ನನಗೆ ತಿಳಿಯದ್ದೆಷ್ಟೋ ಅವನಿಗೆ ತಿಳಿಯುತ್ತದೆ. ಎಲ್ಲ ವಿವರಗಳನ್ನೂ ಹೇಳಿಯಾದ ಮೇಲೆ, ಸ್ವಲ್ಪ ಸಂಕೋಚದಿಂದ, “ಸಾರ್, ಕೆಲವರು ಕುರ್ಚಿಯಿಂದ ಏಳೋದೇ ಇಲ್ಲ, ಏನ್ಮಾಡ್ತಿದ್ರಿ?” ಎಂದು ಕೇಳಿದ. ನನ್ನ ಸೇವಾವಧಿಯ ಕೊನೆಯ ಹತ್ತು ವರ್ಷ ಬೆನ್ನನ್ನು ಕಾಪಾಡಿದ ಉಪಾಯವನ್ನು ಅವನಿಗೆ ಹೇಳಿಕೊಟ್ಟೆ. ಹಿಂಬದಿಯ ತಂತಿಯನ್ನು ಕೈಯಲ್ಲಿ ಹಿಡಿದು, ಗಂಭೀರವಾಗಿ ನೋಡಿ, ಮೆಲ್ಲನೆ, “ಸಾರ್, ಸ್ವಲ್ಪ ಕರೆಂಟು ಹೊಡೆದರೂ ಹೊಡೆಯಬಹುದು” ಎನ್ನಬೇಕು. ಇಷ್ಟು ವರ್ಷಗಳಲ್ಲಿ ಈ ಮಾತಿಗೆ ಏಳದವರನ್ನು ನಾನು ಒಬ್ಬರನ್ನೂ ಕಂಡಿಲ್ಲ.